ಎಣ್ಣೆ ಕುಡಿದ ಗ್ರೊಮೆಟ್

ಇಳಕಲ್ಲಿನ ಮಜೀದ ಮುಂಬಯಿಗೆ ಬಂದು ವಯರಿಂಗ್ ಕೆಲಸ ಹಿಡಿದು ಅರ್ಧ ಆಯುಷ್ಯವೇ ಆಗಿತ್ತು. ಮನೆ ಕುರ್ಲಾದಲ್ಲಿ, ಅನ್ನ ಮಾಟುಂಗದ ಉಡುಪಿ ಹೋಟೆಲುಗಳಲ್ಲಿ. ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು. ತಗಡಿನ ತೂತಿನಲ್ಲಿ ವಯರು ಹಾಯುವ ಕಡೆ, ಅಂಚು ಅದನ್ನು ಕೊಯ್ಯದಂತೆ ಒಂದು ಪುಟ್ಟ ರಬ್ಬರ್ ಬಳೆ ಕೂರಿಸುತ್ತಾರಲ್ಲ, ಗ್ರೊಮೆಟ್ ಅಂತ, ಅದರ ಮಾತು ತೆಗೆದನೆಂದರೆ ಮುಗಿಯಿತು, ಎದುರಿಗಿದ್ದವರ ಚಹಾ ಆರಿ ತಣ್ಣಗಾಗಬೇಕು.

"ಸಡಲ ಆದ್ರ ಜಾರತೈತಿ, ಬಿಗಿ ಆದ್ರ ವಯರಿನ ಕುತ್ತಿಗಿ ಹಿಚಕತೈತಿ. ಹೆಣ್ಮಕ್ಕಳಿಗೆ ಬಳಿ ಇಡಿಸಿದಂಗ ನೋಡಿ ಇಡಸಬೇಕ್ರಿ!"

ಅಂಥವನ ಮಾನ ಈಗ ಧನರಾಜ ಶೆಟ್ಟರ ಹೋಟೆಲಿನ ಗ್ರೈಂಡರಿನಲ್ಲಿ ಸಿಕ್ಕಿಬಿದ್ದಿತ್ತು. ದೋಸೆಹಿಟ್ಟು ಅರೆಯುತ್ತಿರುವಾಗಲೇ ಸೇಫ್ಟಿ ಸ್ವಿಚ್ ಬೀಳುತ್ತಿತ್ತು, ಅಡುಗೆಮನೆ ಕತ್ತಲಾಗುತ್ತಿತ್ತು. ಬಿಚ್ಚಿ ನೋಡಿದರೆ ಗ್ರೊಮೆಟ್ ಉಬ್ಬಿ, ಮೆತ್ತಗಾಗಿ, ಜಾಗ ಬಿಟ್ಟು ಜಾರಿರುತ್ತಿತ್ತು. ತಗಡು ವಯರಿನ ಸಿಪ್ಪೆ ಕೊಯ್ದಿರುತ್ತಿತ್ತು. ಮಜೀದ ಹೊಸ ವಯರು ಎಳೆದು ಹೊಸ ಗ್ರೊಮೆಟ್ ಹಾಕಿದ. ಅದೂ ಹಾಗೇ ಆಯಿತು.

"ಎಂತ ಮಾರಾಯ್ರೆ ಇದು?" ಶೆಟ್ಟರಿಗೆ ಸಿಟ್ಟು ನೆತ್ತಿಗೇರಿತ್ತು. "ಪವಾಯಿಯ ನಮ್ಮ ಹೊಸ ಹೋಟೆಲಿನ ವಯರಿಂಗ್ ಪೂರಾ ನಿಮಗೇ ಅಂತ ಇದ್ದೆ. ಇನ್ನೊಮ್ಮೆ ಹೀಗಾದ್ರೆ ಬೇರೆಯವರನ್ನು ನೋಡ್ಬೇಕಾಗ್ತದೆ, ಮಜೀದ್ ಭಾಯ್."

ಮಜೀದ ಉಬ್ಬಿದ ಗ್ರೊಮೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದ. ಪವಾಯಿಯ ಕೆಲಸ ತನ್ನದೇ ಎಂದು ಕುರ್ಲಾದ ತನ್ನ ಚಾಳಿನಲ್ಲೆಲ್ಲ ಡಂಗುರ ಹೊಡೆದಾಗಿತ್ತಲ್ಲ! ಅಳತೆ ಸರಿ, ತೂತು ಸರಿ, ರಬ್ಬರ್ ಕೂಡ ಒಳ್ಳೆಯದೇ. ಮತ್ತೆ ಯಾವ ಶನಿ ಹೊಕ್ಕಿತು?

ಮತ್ತೊಂದು ಹೊಸ ಗ್ರೊಮೆಟ್ ಹಾಕಿ, ಆ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಅವನು ಮನೆಗೆ ಹೋಗದೆ ಅಡುಗೆಮನೆಯ ಮೂಲೆಯಲ್ಲೇ ಕೂತ. ಅಡುಗೆಯ ಶೇಖರ ಪ್ಲಗ್ ಕಿತ್ತು, ಗ್ರೈಂಡರನ್ನು ತೊಳೆದು, ಒರೆಸಿ, ಬಟ್ಟಲಲ್ಲಿ ತೆಂಗಿನೆಣ್ಣೆ ತಂದ. ಬೆರಳದ್ದಿ, ಬಾಣಂತಿ ಕೂಸಿಗೆ ಹಚ್ಚುವಷ್ಟು ಅಕ್ಕರೆಯಿಂದ ಗ್ರೊಮೆಟ್ಟಿಗೆ ತಿಕ್ಕತೊಡಗಿದ.

"ಲೇ ಶೇಖರಣ್ಣಾ, ಏನ್ ಮಾಡಾಕತ್ತೀಯೋ?"

"ಒಣಗಿ ಬಿರುಕು ಬಿಡ್ಬಾರ್ದಲ್ವಾ? ಊರಲ್ಲಿ ದೋಸೆ ಕಾವಲಿಗೆ ಎಣ್ಣೆ ಹಚ್ಚಿಯೇ ಇಡುದು ನಾವು. ನೀವು ಇಷ್ಟು ಚಂದ ಮಾಡಿ ಹಾಕಿದ್ದು, ಹಾಳಾಗ್ಬಾರ್ದು ಅಂತ ದಿನಾ ಹಚ್ತೇನೆ."

ಮಜೀದ ಹಣೆ ಚಚ್ಚಿಕೊಂಡ. ಕಾವಲಿಗೆ ಎಣ್ಣೆ ಒಳ್ಳೆಯದು, ಮಾಮೂಲಿ ರಬ್ಬರಿಗೆ ವಿಷ! ನಗುವುದೋ ಅಳುವುದೋ ತಿಳಿಯಲಿಲ್ಲ. ಎದ್ದವನೇ ಲೋಕಲ್ ರೈಲು ಹತ್ತಿ ವಿದ್ಯುತ್ ಸಾಮಾನಿನ ಪೇಟೆ ಲೋಹಾರ್ ಚಾಳಿಗೆ ಹೋಗಿ, ಎಣ್ಣೆಗೆ ಜಗ್ಗದ ನೈಟ್ರೈಲ್ ರಬ್ಬರಿನ ಗ್ರೊಮೆಟ್ ತಂದು, ಹೊಸ ವಯರಿನೊಂದಿಗೆ ಕೂರಿಸಿದ. ಗ್ರೈಂಡರ್ ಗುಡುಗುಡು ತಿರುಗಿತು.

ಅಷ್ಟರಲ್ಲಿ ಶೆಟ್ಟರು ಬಂದರು. "ತಪ್ಪು ಯಾರದ್ದು, ಈಗಲಾದ್ರೂ ಹೇಳಿ."

ಶೇಖರನ ಎಣ್ಣೆ ಬಟ್ಟಲು ಮೆಲ್ಲಗೆ ಬೆನ್ನ ಹಿಂದೆ ಹೋಯಿತು. ಮಜೀದ ಅವನತ್ತ ನೋಡಿದ. ಬೆರಳು ತೋರಿಸಿದರೆ ಪವಾಯಿ ತನ್ನದು. ಆದರೆ ಪ್ರೀತಿಯಿಂದ ಎಣ್ಣೆ ಹಚ್ಚಿದವನನ್ನು ಹಿಡಿದುಕೊಡಲು ಮನಸ್ಸು ಒಪ್ಪಬೇಕಲ್ಲ.

"ನಂದರೀ ಶೆಟ್ರ. ತೂತಿನ ಅಳತಿ ನೋಡಿದೆ, ಅಡಗಿಮನಿ ನೋಡಲಿಲ್ಲ. ಎಣ್ಣಿ ಇರೋ ಜಾಗಾಕ್ಕ ಎಣ್ಣಿ ತಡಿಯೋದ ಹಾಕಬೇಕಿತ್ತು."

"ಅಯ್ಯೋ, ಇಲ್ಲ ಧಣಿ!" ಶೇಖರ ಬಟ್ಟಲು ಮುಂದೆ ತಂದ. "ದಿನಾ ಎಣ್ಣೆ ಹಚ್ಚಿದ್ದು ನಾನು. ಅವರದ್ದೇನೂ ತಪ್ಪಿಲ್ಲ."

ಶೆಟ್ಟರು ಇಬ್ಬರನ್ನೂ ನೋಡಿ ಹೊಟ್ಟೆ ಹಿಡಿದು ನಕ್ಕರು. "ತಪ್ಪಿಗೂ ಜಗಳ ಆಡ್ತೀರಲ್ಲ ನೀವು! ನಾಳೆ ಇಬ್ಬರೂ ಪವಾಯಿಗೆ ಬನ್ನಿ. ವಯರಿಂಗ್ ಮಜೀದ್ ಭಾಯಿದು, ಅಡುಗೆಮನೆ ಶೇಖರನದ್ದು. ಆ ಬಟ್ಟಲು ಮಾತ್ರ ಇಲ್ಲೇ ಬಿಟ್ಟು ಬಾ ಮಾರಾಯ."

"ಬ್ಯಾಡ್ರೀ, ತರ್ಲಿ," ಎಂದ ಮಜೀದ. "ಈ ಸಲ ಅವನ ಕೈ ನೋಡೇ ಗ್ರೊಮೆಟ್ ಆರಸ್ತೀನಿ."