ಕ್ಲಚ್ಚಿಗೆ ಹಚ್ಚಿದ ಬೆಲ್ಲ

ಮೊನ್ನೆ ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಯಲ್ಲಿ ಶೇಂಗಾ ಚಿಕ್ಕಿ ಮಾಡುತ್ತೇನೆಂದು ಬೆಲ್ಲದ ಪಾಕಕ್ಕಿಟ್ಟು, ಫೋನು ನೋಡುತ್ತ ಕೂತೆ. ಪಾಕ ಹೋಗಿ ಡಾಂಬರಾಯಿತು. ಪಕ್ಕದ ಮನೆಯವರು ರಸ್ತೆ ರಿಪೇರಿ ಶುರುವಾಯಿತೆಂದು ಖುಷಿಯಿಂದ ಹೊರಗೆ ಬಂದು ನೋಡಿದರಂತೆ. ಅವ್ವ ಬೈಯುತ್ತಿದ್ದಳು, ನನಗೆ ಕೇಳಿಸುತ್ತಿರಲಿಲ್ಲ. ಆ ಸುಟ್ಟ ವಾಸನೆಗೆ ನನಗೆ ಸಿರುಗುಪ್ಪದ ಮಿಲ್ಲಿನ ಮೇಸ್ತ್ರಿ ನೆನಪಾಗಿದ್ದರು...

ಅವರು ಈಗಿಲ್ಲ. ಅವರ ಹೆಸರಿಗೆ ನಾನು ಮೆತ್ತಿದ ಒಂದು ಸುಳ್ಳು ಮಾತ್ರ ಇನ್ನೂ ಊರೂರಲ್ಲಿ ಓಡಾಡಿಕೊಂಡಿದೆ.

ಅಕ್ಕಿ ಮಿಲ್ಲಿನಲ್ಲಿ ಫಿಟ್ಟರಾಗಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಮಷಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಒಳಗಿನ ರೋಗ ಹೇಳುತ್ತಿದ್ದರು. ಸಾಲಿ ರಜೆಯಲ್ಲಿ ಸಿರುಗುಪ್ಪಕ್ಕೆ ಹೋದಾಗ ನಾನು ಅವರ ಹಿಂದೆಯೇ ಸುತ್ತುತ್ತಿದ್ದೆ. ಮಿಲ್ಲಿನ ಮಷಿನ್ನು ತಿರುಗಿಸುವ ಅಗಲವಾದ ಬೆಲ್ಟು, ಅಂದರೆ ಪಟ್ಟಾ, ಜಾರತೊಡಗಿದರೆ, ಓಡುವ ಪಟ್ಟಾಕ್ಕೆ ಒಂದು ಬೆಲ್ಲದ ಹೆಂಟೆ ಮುಟ್ಟಿಸುತ್ತಿದ್ದರು. ಪಟ್ಟಾ ಗಪ್ಪನೆ ಹಿಡಿದುಕೊಳ್ಳುತ್ತಿತ್ತು. ನಾನು ಕಲಿತ ಇಂಜಿನಿಯರಿಂಗ್ ಅಷ್ಟೆ.

ತೆಕ್ಕಲಕೋಟೆಯಲ್ಲಿ ನನ್ನ ಚಿಕ್ಕಪ್ಪನ ಭತ್ತದ ಗದ್ದೆ. ಟ್ರ್ಯಾಕ್ಟರಿನಿಂದ ಬಿದ್ದು ಮೊಣಕಾಲು ಹೋದ ಮೇಲೆ ಬದುವಿನ ಮೇಲೆ ನಡೆಯಲಾಗದೆ, ಯಾರೋ ಓಡಿಸಿ ಬಿಟ್ಟಿದ್ದ ಒಂದು ಎಟಿವಿ ತಂದುಕೊಂಡಿದ್ದ. ದಪ್ಪ ಟೈರಿನ ಆ ನಾಲ್ಕು ಗಾಲಿಯ ಬೈಕಿಗೆ ಊರವರು ಎಮ್ಮಿ ಅನ್ನುತ್ತಿದ್ದರು. ಅದಿಲ್ಲದಿದ್ದರೆ ಅವನು ತನ್ನ ಗದ್ದೆಯ ಮುಖ ನೋಡುವಂತಿರಲಿಲ್ಲ.

ಮೂರು ವರ್ಷದ ಹಿಂದೆ, ಕೊಯ್ಲಿನ ಹೊತ್ತಿನಲ್ಲಿ, ಕುರುಗೋಡಿನ ಗೆಳೆಯರು ಬಂದರೆಂದು ನಾನು ಆ ಎಮ್ಮೆಯನ್ನು ಕಾಲುವೆಗೆ ಇಳಿಸಿದೆ. ವಿಡಿಯೋದಲ್ಲಿ ನೀರು ಎರಡೂ ಕಡೆ ರೆಕ್ಕೆಯಂತೆ ಚಿಮ್ಮಬೇಕಿತ್ತು. ಚಿಮ್ಮಿದ್ದು ನಮ್ಮ ಮಾನ. ದಂಡೆಗೆ ಹತ್ತಿದ ಮೇಲೆ ಇಂಜಿನ್ನು ಕೂಗುತ್ತದೆ, ಗಾಡಿ ಮಿಸುಕುವುದಿಲ್ಲ. ಹೇಗೋ ಮನೆಗೆ ತಳ್ಳಿಕೊಂಡು ಬಂದು ಪಕ್ಕದ ಮುಚ್ಚಳ ಬಿಚ್ಚಿದೆ. ಎರಡು ಪುಲ್ಲಿ, ನಡುವೆ ಒದ್ದೆ ಬೆಲ್ಟು. ಜಾರುತ್ತಿದೆ! ಅಡುಗೆಮನೆಯಿಂದ ಬೆಲ್ಲ ತಂದು, ಮದುಮಗನಿಗೆ ಅರಿಶಿಣ ಹಚ್ಚಿದಂತೆ ಹಚ್ಚಿದೆ. ಗಾಡಿ ಹತ್ತು ಮಾರು ಹಾರಿತು. ನಾನು ಎಂಟು ಮಾರಿಗೇ ಇಳಿದುಬಿಟ್ಟಿದ್ದೆ, ಮುಖ ಕೆಳಗೆ ಮಾಡಿ. ಆಮೇಲೆ ಹೊಗೆ, ವಾಸನೆ, ಮೌನ. ಬೆಳಿಗ್ಗೆ ನೋಡಿದರೆ ತಾಲ್ಲೂಕಿನ ಇರುವೆಗಳೆಲ್ಲ ಬಂದು ಸೇರಿದ್ದವು.

ತಾನಾಗಿಯೇ ಕೆಟ್ಟಿತೆಂದು ಚಿಕ್ಕಪ್ಪನಿಗೆ ಹೇಳಿದೆ. ಅವನು ಮೇಸ್ತ್ರಿಯನ್ನು ಕರೆಸಿದ.

ಅವರು ಮೊದಲು ನಟ್ಟು ಬಿಚ್ಚುವ ಪಾನಾ ಮುಟ್ಟಲಿಲ್ಲ. ನ್ಯೂಟ್ರಲ್ ಮಾಡಿ ತಳ್ಳಿದರು, ಸಲೀಸಾಗಿ ಉರುಳಿತು. ಗಾಲಿ, ಬ್ರೇಕು ಸರಿ ಇವೆ ಎಂದಾಯಿತು. ಚಾಲೂ ಮಾಡಿ ಕಿವಿಗೊಟ್ಟರು, ಇಂಜಿನ್ನೂ ಸರಿ. ಅದರ ಬಲ ಕ್ಲಚ್ಚಿನಲ್ಲೇ, ಅಂದರೆ ಆ ಬೆಲ್ಟು-ಪುಲ್ಲಿಯಲ್ಲೇ, ಸಾಯುತ್ತಿತ್ತು. ಮುಚ್ಚಳ ಬಿಚ್ಚಿದರು. ಬೆಲ್ಟಿನ ಅಂಚು ಗಾಜಿನಂತೆ ಹೊಳೆಯುತ್ತಿತ್ತು, ಪುಲ್ಲಿಯೊಳಗಿನ ರೋಲರುಗಳು ಇದ್ದಲ್ಲೇ ಅಂಟಿ ಕೂತಿದ್ದವು. ಮೆತ್ತಿದ್ದ ಕರಿಯದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡರು.

"ಏನ್ ಹಚ್ಚೀಯಲೇ ಹೀರೋ?"

"ಏನಿಲ್ರಿ ಮೇಸ್ತ್ರಿ. ಕಂಪನೀದೇ ಇರಬೇಕ್ರಿ."

"ಹೌದಾ? ಕಂಪನಿಯವ್ರು ಏಲಕ್ಕಿನೂ ಹಾಕ್ಯಾರ ನೋಡು."

ಹೋಳಿಗೆಗೆಂದು ಚಿಕ್ಕಮ್ಮ ಏಲಕ್ಕಿ ಕುಟ್ಟಿ ಕಲಸಿಟ್ಟಿದ್ದ ಬೆಲ್ಲವೇ ನನ್ನ ಕೈಗೆ ಸಿಕ್ಕಿತ್ತು.

ನಾನು ಬಸ್ಸು ಹಿಡಿದು ಬಳ್ಳಾರಿಯಿಂದ ಹೊಸ ಬೆಲ್ಟು ತಂದೆ. ಅಷ್ಟರಲ್ಲಿ ಅವರು ಪುಲ್ಲಿ, ರೋಲರು ಬಿಚ್ಚಿ ಬಿಸಿನೀರಲ್ಲಿ ತೊಳೆದು, ಪೆಟ್ರೋಲಿನಲ್ಲಿ ಒರೆಸಿ, ಪುಲ್ಲಿಯ ಮುಖಕ್ಕೆ ಹಗುರವಾಗಿ ಉಪ್ಪುಕಾಗದ ಉಜ್ಜಿದ್ದರು. ನೀರು ನುಗ್ಗಿದ್ದು ಮುಚ್ಚಳದ ಹರಿದ ರಬ್ಬರಿನಿಂದ, ಅದನ್ನೂ ಬದಲಿಸಿದರು.

"ಒಣಗಿಸಿದ್ರ ಸಾಕಾಗ್ತಿತ್ತಲೇ. ಮಿಲ್ಲಿನ ಪಟ್ಟಾ ಬರೇ ಹಿಡೀಬೇಕು. ಇದು ಹಿಡೀಬೇಕು, ಬಿಡಬೇಕು, ಪುಲ್ಲಿ ಮ್ಯಾಲ ಏರಬೇಕು, ಇಳೀಬೇಕು. ನೀ ಅಂಟಿಸಿ ಕುಂದ್ರಿಸೀಯ."

ಅಷ್ಟರಲ್ಲಿ ಚಿಕ್ಕಪ್ಪ ಕೋಲೂರಿಕೊಂಡು ಬಂದ, ಹಳೆ ಬೆಲ್ಟಿಗೆ ಮುತ್ತಿದ್ದ ಇರುವೆ ನೋಡಿದ. "ಖರೇ ಹೇಳ್ರಿ ಮೇಸ್ತ್ರಿ, ಯಾರ್ ಮಾಡಿದ್ದಿದು?"

ನಾನು ನೆಲ ನೋಡುತ್ತಿದ್ದೆ. ಮೇಸ್ತ್ರಿ ನನ್ನನ್ನು ನೋಡಿದರು. "ಬೆಲ್ಲ ಹಚ್ಚಂತ ನಾನ ಹೇಳಿದ್ದೆ ಬಿಡ್ರಿ. ಹುಡುಗಂದೇನೈತಿ."

"ನೀವಾ! ಇಷ್ಟು ವರ್ಷ ಕೆಲಸ ಮಾಡಿ?"

"ವಯಸ್ಸಾತು ನೋಡ್ರಿ," ಎಂದು ನಕ್ಕರು.

ಹೊರಡುವಾಗ ನನಗೆ ಮಾತ್ರ ಕೇಳುವಂತೆ ಹೇಳಿದರು. "ಯಾಕ ಹಚ್ತೀನಿ ಅಂತ ಮಿಲ್ಲಿನ್ಯಾಗ ನಿನಗ ಹೇಳ್ಲಿಲ್ಲ ನಾನು. ಅರ್ಧ ತಪ್ಪು ನಂದೂ ಐತಿ. ಉಳಿದಿದ್ದು ನೀನ ಹೇಳು, ಧೈರ್ಯ ಬಂದಾಗ."

ಧೈರ್ಯ ಬರಲಿಲ್ಲ, ಜೋಕು ಬಂತು. ಮದುವೆಯಲ್ಲಿ, ಚಾದಂಗಡಿಯಲ್ಲಿ, ಮೇಸ್ತ್ರಿ ಕ್ಲಚ್ಚಿಗೆ ಬೆಲ್ಲ ಹಚ್ಚಿಸಿ ಬೆರಳು ನೆಕ್ಕಿದ ಕಥೆಯನ್ನು ನಟಿಸಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಅವರಿಗೆ ಬೆಲ್ಲದ ಮೇಸ್ತ್ರಿ ಎಂದೇ ಹೆಸರಾಯಿತು. ಮುಂದಿನ ಸುಗ್ಗಿಗೆ, "ನಮ್ಮ ಮಷಿನ್ನಿಗೆ ಏನ್ ಹಚ್ತೀರಿ, ಸಕ್ರೀನಾ?" ಎಂದು ಕೇಳಿ, ಊರವರು ರಿಪೇರಿಗೆ ಬೇರೆಯವರನ್ನು ಕರೆದರು. ಮೇಸ್ತ್ರಿಯೂ ನಗುತ್ತಿದ್ದರು... ನಗುತ್ತಿದ್ದರೆಂದೇ ನಾನು ಅಂದುಕೊಂಡಿದ್ದೆ. ಹೋದ ವರ್ಷ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ತಿಂಗಳಾದ ಮೇಲೆ.

ಪಾಕ ಸುಟ್ಟ ಮರುದಿನ ತೆಕ್ಕಲಕೋಟೆಗೆ ಹೋದೆ. ಚಿಕ್ಕಪ್ಪ ಚಾದಂಗಡಿಯಲ್ಲಿ ನಾಲ್ಕು ಮಂದಿಯ ನಡುವೆ ಕೂತಿದ್ದ. ಎಲ್ಲರೆದುರಿಗೇ ಹೇಳಿದೆ: "ಆ ಬೆಲ್ಲ ಹಚ್ಚಿದ್ದು ನಾನು. ಮೇಸ್ತ್ರಿ ಹೇಳಿದ್ದಿಲ್ಲ."

ಒಬ್ಬ ತೊಡೆ ತಟ್ಟಿಕೊಂಡ. "ಲೇ, ಸತ್ತೋರನ್ನರ ಬಿಡಲೇ! ಹೊಸಾದು ಕಟ್ಕೊಂಡ್ ಬಂದಾನ!" ಎಲ್ಲರೂ ನಕ್ಕರು. ಅವ್ವನ ಆಣೆ ಮಾಡಿದೆ. ಇನ್ನೂ ಜೋರಾಗಿ ನಕ್ಕರು. ಬೆರಳು ನೆಕ್ಕುವುದನ್ನು ಮಾಡಿ ತೋರಿಸು ಎಂದರು.

ಮೂರನೇ ಸಲ ಹೇಳಿದಾಗ ಚಿಕ್ಕಪ್ಪ ನಗುವುದನ್ನು ನಿಲ್ಲಿಸಿದ.

"ಖರೇನಾ?"

"ಖರೇ."

ಕೈಯ ಲೋಟ ಕೆಳಗಿಟ್ಟ. "ಮೇಸ್ತ್ರಿ ಮನಿಗೆ ಬಂದಾಗೆಲ್ಲ ಬೇಕಂತ ಬೆಲ್ಲದ ಚಾ ಕೊಡಿಸಿ ನಗ್ತಿದ್ನಲ್ಲೋ ನಾನು... ಒಂದ್ ಮಾತೂ ಆಡದ ಕುಡ್ದು ಹೋಗ್ತಿದ್ರಲ್ಲೋ."

ಉಳಿದವರು ಇನ್ನೂ ನಗುತ್ತಲೇ ಇದ್ದರು.