ಐದು ಲಕ್ಷ ಸಲ ಅಲ್ಲಾಡಿದ ಕೋಲು

ಟೈರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ವಿಮಾನ ಹಾರಿಸುವ ಕೋಲುಗಳು ತಯಾರಾಗುತ್ತವೆ ಎಂದರೆ, ಕೆಳಗೆ ಪಂಕ್ಚರ್ ಹಾಕಿಸಲು ಬಂದವರು ನಂಬುವುದಿಲ್ಲ. ನಿಜವಾದ ವಿಮಾನದ್ದಲ್ಲ, ಕಂಪ್ಯೂಟರಿನ ಮುಂದೆ ಕೂತು ಪರದೆಯೊಳಗಿನ ವಿಮಾನವನ್ನು ಏರಿಸಿ ಇಳಿಸುವವರು ಹಿಡಿದುಕೊಳ್ಳುವ ಜಾಯ್‌ಸ್ಟಿಕ್‌ಗಳು. ಅಲ್ಲಿ ದುಡಿಯುವ ಹನ್ನೊಂದು ಜನ ಅದಕ್ಕೆ ಕೋಲು ಎಂದೇ ಹೇಳುತ್ತಾರೆ. ಹತ್ತು ಜನರ ಕೆಲಸ ಕೋಲು ಮಾಡುವುದು. ಹನ್ನೊಂದನೆಯವಳ ಕೆಲಸ ಅದನ್ನು ಮುರಿಯುವುದು. ಅವಳೇ ಲಟಕಕ್ಕ.

ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾವ ಯಂತ್ರವನ್ನು ಕೈಗೆ ಕೊಟ್ಟರೂ ಕಿವಿಗೆ ಹಿಡಿದು, ಎರಡು ಸಲ ಅಲ್ಲಾಡಿಸಿ, ‘ಇಲ್ಲೆಲ್ಲೋ ಲಟಕ್ ಅಂತಿದೆ’ ಎನ್ನುವ ಅವಳ ಅಭ್ಯಾಸಕ್ಕೆ ಜೊತೆಯವರು ಕೊಟ್ಟ ಬಿರುದು. ಅಭ್ಯಾಸ ಮಾತ್ರ ಅಪ್ಪನಿಂದಲೇ ಬಂದದ್ದು. ಅವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಶಾಲೆಯಿಂದ ಬಂದ ಮಗಳನ್ನು ಕಣ್ಣು ಮುಚ್ಚಿಸಿ ಕೂರಿಸಿಕೊಂಡು, ಚಕ್ರ ತಿರುಗಿಸಿ, ಯಾವ ತಿರುಪು ಸಡಿಲ ಹೇಳು ಎಂದು ಕೇಳುತ್ತಿದ್ದರು. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ಇನ್ನೊಂದು ಯಂತ್ರ ಎದುರಿಗೆ ತಂದಿಡುತ್ತಿದ್ದರು. ಬೈಗುಳವೇ ವಾಸಿ ಅನ್ನಿಸುವಷ್ಟು ಯಂತ್ರಗಳು ಬಂದವು, ಹೋದವು.

ಒಂಬತ್ತು ವರ್ಷದ ಹಿಂದೆ, ಕೋಲಿನ ಜೊತೆ ಕೊಡುವ ಬಟ್ಟೆಯ ಚೀಲ ಹೊಲಿಯುವ ಯಂತ್ರ ಕೆಟ್ಟಿತೆಂದು, ಅಪ್ಪನ ಕಸುಬನ್ನೇ ಮಾಡುತ್ತಿದ್ದ ಅವಳನ್ನು ಮೇಲಕ್ಕೆ ಕರೆಸಿದ್ದರು. ಅವಳು ನೆಲದ ಮೇಲೆ ಕೂತು ಯಂತ್ರ ಬಿಚ್ಚುತ್ತಿದ್ದಾಗ, ಬೆನ್ನ ಹಿಂದೆ ಯಾರೋ ಹೊಸ ಕೋಲನ್ನು ಅತ್ತಿತ್ತ ಆಡಿಸಿ ನೋಡುತ್ತಿದ್ದರು. ಇವಳು ತಿರುಗಿಯೂ ನೋಡದೆ, ‘ಅದರಲ್ಲಿ ವಾಷರ್ ತಲೆಕೆಳಗಾಗಿ ಕೂತಿದೆ’ ಎಂದಳು. ಬಿಚ್ಚಿದರೆ ಹಾಗೇ ಇತ್ತು. ಮಾಲೀಕರು ಅವತ್ತೇ ಅವಳಿಗೊಂದು ಮೇಜು ಕೊಟ್ಟರು. ಚೀಲದ ಯಂತ್ರ ಸರಿಯಾಗಲು ಮಾತ್ರ ಇನ್ನೂ ಒಂದು ವಾರ ಹಿಡಿಯಿತು.

ಆ ಮೇಜಿನ ಮೇಲೆ ಅವಳೇ ಒಂದು ಪರೀಕ್ಷಾ ಯಂತ್ರ ಕಟ್ಟಿದಳು. ಕಾರಿನ ಗಾಜು ಒರೆಸುವ ಮೋಟಾರು, ಹೊಲಿಗೆ ಯಂತ್ರದ ಎರಡು ತೋಳು, ಎಣಿಕೆ ತೋರಿಸುವ ಒಂದು ಪುಟ್ಟ ಡಬ್ಬಿ. ಅದರ ಬಾಯಿಗೆ ಕೋಲು ಸಿಕ್ಕಿಸಿದರೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ಹಗಲೂ ರಾತ್ರಿ ಆಡಿಸುತ್ತಲೇ ಇರುತ್ತದೆ. ಐದು ಲಕ್ಷ ಸಲ ಆಡಿದ ಮೇಲೂ ಕೋಲು ಬಿಗಿಯಾಗಿದ್ದರೆ ಲಟಕಕ್ಕ ಹಾಳೆಯ ಮೇಲೆ ‘ಪಾಸು’ ಎಂದು ಬರೆದು ಸಹಿ ಹಾಕುತ್ತಾಳೆ. ಒಂಬತ್ತು ವರ್ಷದಲ್ಲಿ ಅವಳ ಸಹಿ ಬಿದ್ದ ಒಂದೇ ಒಂದು ಕೋಲೂ ಕೀಲು ಮುರಿದುಕೊಂಡು ವಾಪಸು ಬಂದಿರಲಿಲ್ಲ. ಈ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಭವೂ ಇತ್ತು. ಇರಲಿ ಬಿಡಿ, ಅಷ್ಟಾದರೂ ಇರಬೇಡವೇ.

ಹೀಗಿರುವಾಗ ವಿಮಾನ ತರಬೇತಿ ಶಾಲೆಯೊಂದು ಅರವತ್ತು ಕೋಲು ಬೇಕೆಂದು ಕೇಳಿತು. ಅಷ್ಟು ದೊಡ್ಡ ಆರ್ಡರ್ ಆ ಮಹಡಿ ಕಂಡಿರಲೇ ಇಲ್ಲ. ಆದರೆ ಅವರು ಹೇಳಿದ ದರ ಕೇಳಿ ಮಾಲೀಕರ ಮುಖ ಸಣ್ಣಗಾಯಿತು. ಕೋಲಿನ ಖರ್ಚಿನಲ್ಲಿ ಮೂರರಲ್ಲೊಂದು ಪಾಲು ಬರೀ ಬುಡದ ಕೀಲಿನದು. ಎಂಟು ಅಲ್ಯೂಮಿನಿಯಂ ತುಂಡುಗಳು, ನಾಲ್ಕು ಬೇರಿಂಗು, ಒಂದೊಂದನ್ನೂ ಕೊರೆದು ಉಜ್ಜಿ ಕೂರಿಸಬೇಕು. ಆ ದರಕ್ಕೆ ಇದು ಏನು ಮಾಡಿದರೂ ಹೊಂದುವುದಿಲ್ಲ. ಇತ್ತ ಹಳೆಯ ಗಿರಾಕಿಗಳೂ ಕಡಿಮೆಯಾಗುತ್ತಿದ್ದರು. ಈ ಆರ್ಡರ್ ಕೈತಪ್ಪಿದರೆ ಐದು ಜನರನ್ನು ಮನೆಗೆ ಕಳಿಸಬೇಕಾಗುತ್ತದೆ ಎಂದು ಮಾಲೀಕರು ಎಲ್ಲರನ್ನೂ ಕೂರಿಸಿಕೊಂಡೇ ಹೇಳಿದರು. ಯಾವ ಐದು ಜನ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನಕ್ಷೆ ಬರೆಯುವ ಇಂಜಿನಿಯರ್ ಹುಡುಗಿ ಹತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಹೊಸ ಕೀಲು ಬರೆದಳು. ಪ್ಲಾಸ್ಟಿಕ್ಕಿನ ಒಂದು ಗುಂಡು, ಒತ್ತಿದರೆ ಅದು ಹೋಗಿ ಕೂರುವ ಒಂದು ಬಟ್ಟಲು. ಅಷ್ಟೇ. ಅಚ್ಚು ಮಾಡಿಸಲು ಒಂದು ಸಲ ಗಂಟು ಬಿಚ್ಚಬೇಕು, ಆದರೆ ಮುಂದಿನ ಕೋಲುಗಳಿಗೂ ಅದೇ ಅಚ್ಚು ಬರುತ್ತದೆ, ಆಮೇಲೆ ಒಂದು ಕೀಲಿಗೆ ಒಂದು ಲೋಟ ಚಹಾದಷ್ಟೂ ಖರ್ಚು ಬೀಳುವುದಿಲ್ಲ. ಲಟಕಕ್ಕ ಅದರ ಮಾದರಿಯನ್ನು ಯಂತ್ರದ ಬಾಯಿಗೆ ಕೊಟ್ಟಳು. ಮುರಿದೇ ಮುರಿಯುತ್ತದೆ ಎಂದು ಕಾದಳು. ಐದು ಲಕ್ಷವಾಯಿತು, ಜಪ್ಪಯ್ಯ ಅಂದರೂ ಅದು ಜಗ್ಗಲಿಲ್ಲ. ಕಿವಿಗೆ ಹಿಡಿದರೆ ಸದ್ದೇ ಇಲ್ಲ.

‘ಏನಕ್ಕ, ಒಪ್ಪಿಗೆನಾ?’ ಎಂದು ಇಂಜಿನಿಯರ್ ಹಲ್ಲು ಕಿರಿದಳು.

‘ನಿಮ್ಮ ಗುಂಡು ಗಟ್ಟಿ ಇದೆ ಮೇಡಂ’ ಎಂದು ಲಟಕಕ್ಕ ಪಾಸು ಬರೆದು ಸಹಿ ಹಾಕಿದಳು.

ಪ್ರತಿ ಹೊಸ ಮಾದರಿಯ ಕೋಲೂ ಸಹಿಗೆ ಮೊದಲು ಒಂದು ವಾರ ಅವಳ ಮನೆಯಲ್ಲಿ ಇದ್ದು ಬರಬೇಕು ಎಂಬುದು ಅವಳೇ ಮಾಡಿಕೊಂಡಿದ್ದ ಪದ್ಧತಿ. ಈ ಸಲ ಅವಸರದಲ್ಲಿ ಅದನ್ನು ಬಿಟ್ಟಳು. ಸೋಮವಾರ ಬೆಳಿಗ್ಗೆ ಅಚ್ಚಿನ ಉಕ್ಕು ಕೊರೆಯಲು ಶುರು ಎಂದು ಗೊತ್ತಾಗಿತ್ತು. ಆದರೂ ಕೈ ಕೇಳಬೇಕಲ್ಲ, ಶನಿವಾರ ಹೊರಡುವಾಗ ಮಾದರಿಯನ್ನು ಚೀಲಕ್ಕೆ ಹಾಕಿಕೊಂಡೇ ಹೊರಟಳು.

ಮನೆಯಲ್ಲಿ ಅದಕ್ಕಾಗಿ ಕಾದಿದ್ದವರು ಅತ್ತೆ. ಎಪ್ಪತ್ತೆರಡು ವರ್ಷ, ಮಂಡಿನೋವು, ಬಾಯಿ ಮಾತ್ರ ಗಟ್ಟಿ. ಸೊಸೆ ತರುವ ಕೋಲುಗಳನ್ನು ಹಿಡಿದು ಹಿಡಿದು ಅವರಿಗೆ ವಿಮಾನದ ಹುಚ್ಚು ಹತ್ತಿತ್ತು. ಬಸ್ಸು ಓಡಿಸುವ ಮಗ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದ. ಪರದೆಯ ಮೇಲಿನ ವಿಮಾನದಲ್ಲಿ ನೂರೆಂಬತ್ತು ಜನ ನಿಜವಾಗಿಯೂ ಕೂತಿದ್ದಾರೆಂದು ಅವರ ನಂಬಿಕೆ. ಮೋಡ ಬಂದರೆ ಅವರಿಗೆಲ್ಲ ಗಟ್ಟಿಯಾಗಿ ಹಿಡ್ಕೊಳ್ಳಿ ಎಂದು ಹೇಳಿಯೇ ಮುಂದೆ ಹೋಗುವುದು.

ಭಾನುವಾರ ಮಧ್ಯಾಹ್ನ ಲಟಕಕ್ಕ ಬಟ್ಟೆ ಮಡಚುತ್ತಿದ್ದಳು. ಅತ್ತೆ ಏಳನೇ ಸಲ ವಿಮಾನ ಇಳಿಸುತ್ತಿದ್ದರು. ಗಾಳಿ ಜೋರಿತ್ತು, ನೆಲ ಹತ್ತಿರ ಬಂತು, ವಿಮಾನ ಓಲಾಡಿತು.

‘ಅಯ್ಯಯ್ಯೋ, ಬಿತ್ತು ಬಿತ್ತು, ಮೇಲೇಳೋ!’ ಎಂದು ಅತ್ತೆ ಕುರ್ಚಿಯಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಕೋಲನ್ನು ಹಿಡಿದು, ತುಂಬಿದ ಕೊಡ ಎತ್ತುವಂತೆ ಮೇಲಕ್ಕೆ ಎತ್ತಿದರು.

ಲಟಕ್.

ಕೋಲು ಕೈಯಲ್ಲೇ ಬಂತು. ಬಟ್ಟಲಿನ ಅಂಚು ಸೀಳಿ ಗುಂಡು ಹೊರಗೆ ಬಂದಿತ್ತು. ಪರದೆಯೊಳಗೆ ವಿಮಾನ ಯಾರ ಹಂಗೂ ಇಲ್ಲದೆ ತಾನೇ ಇಳಿದು ನಿಂತಿತು.

‘ನಾನೇನೂ ಮಾಡ್ಲಿಲ್ಲ ಕಣೇ’ ಎಂದರು ಅತ್ತೆ, ಕೋಲನ್ನು ಸೆರಗಿನ ಹಿಂದೆ ಬಚ್ಚಿಡಲು ನೋಡುತ್ತ.

‘ನೀವಲ್ಲ ಅತ್ತೆ, ನಾನು ಮಾಡಿದ್ದು’ ಎಂದಳು ಲಟಕಕ್ಕ. ಅವಳ ಯಂತ್ರ ನಾಲ್ಕು ದಿಕ್ಕಿಗೂ ಆಡಿಸುತ್ತದೆ, ಆದರೆ ಮೇಲಕ್ಕೆ ಎತ್ತುವುದಿಲ್ಲ. ಯಂತ್ರಕ್ಕೇನು ಭಯವೇ, ಗಾಬರಿಯೇ? ಲೋಹದ ಕೀಲು ಎತ್ತಿದರೂ ತಡೆದುಕೊಳ್ಳುತ್ತಿತ್ತು, ಹಾಗಾಗಿ ಒಂಬತ್ತು ವರ್ಷ ಈ ಕೊರತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಷ್ಟು ವರ್ಷ ತಾನು ಜಂಭಪಟ್ಟ ಯಂತ್ರ ಅರ್ಧ ಪರೀಕ್ಷೆಯನ್ನಷ್ಟೇ ಮಾಡುತ್ತಿತ್ತು ಎಂದು ತಿಳಿದಾಗ ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹೇಳಿದರೆ ಆರ್ಡರ್ ಹೋಗಬಹುದು, ಐದು ಜನರ ಕೆಲಸ ಹೋಗಬಹುದು, ಆ ಐವರಲ್ಲಿ ಅವಳೇ ಮೊದಲಿಗಳಾದರೂ ಆಶ್ಚರ್ಯವಿಲ್ಲ. ಹೇಳದಿದ್ದರೆ ಅರವತ್ತು ಕೋಲೂ ಒಂದೊಂದಾಗಿ ಕೈಗೆ ಬರುತ್ತವೆ. ಕೈಯಲ್ಲಿದ್ದ ಬಟ್ಟೆಯನ್ನೇ ಮೂರು ಸಲ ಮಡಚಿದಳು, ಆಮೇಲೆ ಮಾಲೀಕರಿಗೆ ಫೋನು ಮಾಡಿದಳು.

ಸೋಮವಾರ ಎಂಟು ಗಂಟೆಗೆಲ್ಲ ಅತ್ತೆಯನ್ನೂ ಕರೆದುಕೊಂಡು ಹೋದಳು. ಮಾಲೀಕರು ಅಚ್ಚಿನವರಿಗೆ ಹೇಳಿ ಒಂದು ದಿನ ನಿಲ್ಲಿಸಿದ್ದರು, ಆದರೆ ಮುಖ ಕೆಂಡವಾಗಿತ್ತು.

‘ನೀವೇ ಪಾಸು ಅಂದ್ರಿ. ನೀವೇ ಸಹಿ ಹಾಕಿದ್ರಿ. ನಿಮ್ಮ ಸಹಿಗೆ ಬೆಲೆ ಇಲ್ವಾ ಅಕ್ಕ?’

‘ಇದೆ ಅಂತಲೇ ಹೊಡೆದು ಹಾಕ್ತಿದ್ದೀನಿ ಸರ್’ ಎಂದು ಅವಳು ಹಾಳೆ ತೆಗೆದು, ಎಲ್ಲರ ಎದುರಿಗೇ ‘ಪಾಸು’ ಎಂಬುದರ ಮೇಲೆ ಗೆರೆ ಎಳೆದಳು. ಕೈ ನಡುಗಿ ಗೆರೆ ಸೊಟ್ಟಗಾಯಿತು.

ಇಂಜಿನಿಯರ್ ಹುಡುಗಿಗೆ ಅಳು ಒತ್ತಿಕೊಂಡು ಬರುತ್ತಿತ್ತು. ‘ಕೋಲನ್ನ ಮೇಲಕ್ಕೆ ಯಾರಕ್ಕ ಎತ್ತುತ್ತಾರೆ? ಎತ್ತೋಕೆ ಅಂತ ಮಾಡಿದ್ದಲ್ಲವಲ್ಲ ಅದು!’

‘ನೀನು ಮೊದಲು ಗಾಳಿಯಲ್ಲಿ ಇಳಿಸಿ ನೋಡಮ್ಮ, ಆಮೇಲೆ ಮಾತಾಡು’ ಎಂದರು ಅತ್ತೆ. ಮಾಲೀಕರು ಇನ್ನೊಂದು ಮಾದರಿಯನ್ನು ಮೇಜಿಗೆ ಬಿಗಿಸಿ ಕೊಟ್ಟರು. ಅತ್ತೆ ಕೂತರು, ನೂರೆಂಬತ್ತು ಜನರಿಗೂ ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿದರು, ಒಂಬತ್ತನೇ ಸಲಕ್ಕೆ ಕೋಲನ್ನು ಕಿತ್ತು ಮಾಲೀಕರ ಕೈಗೇ ಕೊಟ್ಟರು. ಹನ್ನೊಂದು ಜನರಲ್ಲಿ ಮೊದಲು ನಕ್ಕವರು ಯಾರೋ ಗೊತ್ತಿಲ್ಲ, ಕೊನೆಗೆ ಮಾಲೀಕರೂ ನಕ್ಕರು.

ನಕ್ಕರೆ ಕೋಲು ಗಟ್ಟಿಯಾಗುವುದಿಲ್ಲವಷ್ಟೆ. ಮತ್ತೆ ಲೋಹದ ಕೀಲಿಗೆ ಹೋಗುವಂತಿರಲಿಲ್ಲ. ಲಟಕಕ್ಕ ಮಧ್ಯಾಹ್ನದವರೆಗೆ ಮುರಿದ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಕೂತಳು. ಸೀಳು ಬಿಡುವುದು ಅಂಚಿನಲ್ಲಿ ಮಾತ್ರ, ಉಳಿದದ್ದೆಲ್ಲ ಗಟ್ಟಿಯೇ. ಅಂಚನ್ನು ಮೇಲಿನಿಂದ ಹಿಡಿದುಕೊಳ್ಳಲು ಒಂದು ತೆಳು ಉಕ್ಕಿನ ಬಳೆ ಕೂರಿಸಿ ಮೂರು ತಿರುಪು ಬಿಗಿದರೆ ಸಾಕು ಎಂದಳು. ಇಂಜಿನಿಯರ್ ಕಣ್ಣೊರೆಸಿಕೊಂಡು ಅಲ್ಲೇ ನಕ್ಷೆ ತಿದ್ದಿದಳು. ಲೆಕ್ಕ ಹಾಕಿದರೆ ಬಳೆಯ ಖರ್ಚು ಚಿಕ್ಕದೇ, ಆದರೆ ಶಾಲೆ ಹೇಳಿದ ದರಕ್ಕೆ ಅಷ್ಟೂ ಹೊಂದುತ್ತಿರಲಿಲ್ಲ. ಏನಾದರೊಂದು ತೆಗೆಯಬೇಕಿತ್ತು. ಸ್ಪ್ರಿಂಗ್ ತೆಗೆಯುವಂತಿಲ್ಲ, ಒತ್ತುವ ಗುಂಡಿಗಳನ್ನು ತೆಗೆಯುವಂತಿಲ್ಲ. ಒಬ್ಬೊಬ್ಬರ ಕಣ್ಣೂ ನಿಧಾನವಾಗಿ ಒಂದೇ ಕಡೆ ಹೋಗಿ ನಿಂತಿತು. ಕೋಲಿನ ಬುಡದಲ್ಲಿ ಫಳಫಳ ಹೊಳೆಯುವ, ಮಾಲೀಕರು ತಾವೇ ಅಕ್ಷರ ಬರೆದು ಕೆತ್ತಿಸಿದ ಹಿತ್ತಾಳೆಯ ಹೆಸರುಫಲಕ.

‘ಅದೊಂದನ್ನ ಬಿಟ್ಟು ಬೇರೆ ಏನಾದ್ರೂ ಹೇಳಿ’ ಎಂದರು ಮಾಲೀಕರು.

ಲಟಕಕ್ಕ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟಳು.

‘ಸರಿ, ತೆಗೀರಿ. ಹೊಟ್ಟೆ ಉರಿಸ್ತೀರಿ ನೀವೆಲ್ಲ’ ಎಂದು ಅವರು ಚಹಾ ಕುಡಿಯಲು ಕೆಳಗಿಳಿದು ಹೋದರು. ಬರುವಾಗ ಎಲ್ಲರಿಗೂ ಚಹಾ ತಂದರು, ಅತ್ತೆಗೆ ಎರಡು ಲೋಟ.

ಬಳೆ ಹಾಕಿದ ಮಾದರಿಯ ಮೇಲೆ ಅತ್ತೆ ಇಡೀ ವಾರ ಕೂತರು. ಇನ್ನೂರ ಹದಿನಾಲ್ಕು ಸಲ ಇಳಿಸಿದರು, ಇನ್ನೂರ ಹದಿನಾಲ್ಕು ಸಲವೂ ಎತ್ತಿದರು, ಅವರ ಭುಜ ಹಿಡಿದುಕೊಂಡಿತೇ ಹೊರತು ಕೋಲು ಜಗ್ಗಲಿಲ್ಲ. ಅಷ್ಟರಲ್ಲಿ ಲಟಕಕ್ಕ ತನ್ನ ಯಂತ್ರಕ್ಕೂ ಮೇಲಕ್ಕೆ ಎಳೆಯುವ ಒಂದು ತೋಳು ಸೇರಿಸಿದ್ದಳು. ಆ ಬಳೆಗೆ ಅತ್ತೆಬಳೆ ಎಂದೇ ಹೆಸರು ಬಿತ್ತು, ನಕ್ಷೆಯಲ್ಲಿಯೂ ಹಾಗೇ ಬರೆದಿದ್ದಾರೆ.

ಮುಂದಿನ ತಿಂಗಳು ಮಾದರಿ ನೋಡಲು ತರಬೇತಿ ಶಾಲೆಯಿಂದ ಬಂದವರು ಇಪ್ಪತ್ತೆರಡು ವರ್ಷ ನಿಜವಾದ ವಿಮಾನ ಹಾರಿಸಿದ್ದ ಬೋಧಕರು. ನೆಟ್ಟಗೆ ಕೂತರು, ಎರಡು ಬೆರಳಲ್ಲಿ ಕೋಲು ಹಿಡಿದರು, ನೋಡುವವರ ಕಣ್ಣಿಗೆ ಏನೂ ಕಾಣದಷ್ಟು ಮೆಲ್ಲಗೆ ಆಡಿಸಿದರು. ಲಟಕಕ್ಕ ಮೇಜಿನ ಅಂಚು ಹಿಡಿದು ನಿಂತಿದ್ದಳು. ಇಂಥವರಿಗೆ ಬಳೆ ಯಾಕೆ ಬೇಕಿತ್ತು, ಸುಮ್ಮನೆ ಎಲ್ಲರ ನಿದ್ದೆ ಕೆಡಿಸಿದೆನೇನೋ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಆಗ ಇಂಜಿನಿಯರ್ ಪರದೆಯೊಳಗೆ ಅಡ್ಡಗಾಳಿ ಎಬ್ಬಿಸಿದಳು. ರನ್‌ವೇ ಹತ್ತಿರ ಬಂತು, ರೆಕ್ಕೆ ವಾಲಿತು. ಬೋಧಕರ ಎಡಗೈ ತಾನಾಗಿಯೇ ಬಂದು ಕೋಲು ಹಿಡಿಯಿತು, ಭುಜ ಎರಡೂ ಮೇಲೆದ್ದವು, ಹಲ್ಲು ಕಚ್ಚಿ ಅವರು ಎತ್ತಿಯೇ ಎತ್ತಿದರು. ಕೋಲು ಕೂತಲ್ಲೇ ಕೂತಿತ್ತು. ವಿಮಾನ ಇಳಿಯಿತು.

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ‘ನಾನು ಎತ್ತಿದ್ನಾ?’

‘ಎತ್ತಿದ್ರಿ ಸರ್’ ಎಂದಳು ಲಟಕಕ್ಕ. ‘ನೆಲ ಹತ್ತಿರ ಬಂದಾಗ ಎಲ್ಲರೂ ಎತ್ತುತ್ತಾರೆ. ಅದನ್ನ ತಡ್ಕೊಳ್ಳೋಕೆ ಅಂತಲೇ ಒಳಗೊಂದು ಬಳೆ ಹಾಕಿದ್ದೀವಿ.’

ಬೋಧಕರು ಆರ್ಡರಿನ ಕಾಗದಕ್ಕೆ ಸಹಿ ಹಾಕಿದರು, ಆದರೆ ಏಳಲಿಲ್ಲ. ‘ಎತ್ತಿ ಮುರೀತೀರಿ, ಧೈರ್ಯ ಇಲ್ದವರಿಗೆ ಈ ಕೆಲಸ ಅಲ್ಲ ಅಂತ ಎಷ್ಟು ಹುಡುಗರಿಗೆ ಬೈದಿದ್ದೀನಿ ಗೊತ್ತಾ? ಇಬ್ಬರು ಬಿಟ್ಟೇ ಹೋದ್ರು. ಈಗ ಏನಂತ ಹೇಳಲಿ ಅವರಿಗೆ?’

‘ತಪ್ಪಾಯ್ತು ಅಂತ ಹೇಳಿ ಸರ್’ ಎಂದಳು ಲಟಕಕ್ಕ. ‘ಹೇಳೋವರೆಗೂ ಕೈ ನಡುಗುತ್ತೆ. ಹೋದ ತಿಂಗಳು ನಾನೂ ಹೇಳಿದೆ.’