ಕಾಮಕಸ್ತೂರಿ ಕಡ್ಡಿಯ ನೀಲಿ ಪಟ್ಟೆಯವರು

ಶನಿವಾರ ಬೆಳಿಗ್ಗೆ ಮಾಲೂರಿನಲ್ಲಿ ಕೋಲಾರದ ಬಸ್ಸು ಹತ್ತಿದಾಗ ನನ್ನ ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಮ್ಯಾಕ್ರೋ ಲೆನ್ಸ್ ಸಿಕ್ಕಿಸಿದ ಕ್ಯಾಮೆರಾ, ಫ್ಲ್ಯಾಷಿನ ಬೆಳಕು ಮೆತ್ತಗಾಗಲೆಂದು ಹಾಲಿನ ಕವರು ಕತ್ತರಿಸಿ ನಾನೇ ಅಂಟಿಸಿಕೊಂಡ ಒಂದು ಮುಸುಕು, ಇಷ್ಟಿದ್ದವು. ತಲೆಯಲ್ಲಿ ಮಾತ್ರ ಒಂದೇ ಒಂದು ಜೇನುನೊಣ. ಹೊಟ್ಟೆಯ ಮೇಲೆ ಮಿರಮಿರ ಮಿಂಚುವ ನೀಲಿ ಪಟ್ಟೆಗಳಿರುವ, ಒಂದು ಹೂವಿನ ಮೇಲೂ ನೆಟ್ಟಗೆ ನಿಲ್ಲದ, ನನ್ನನ್ನು ವರ್ಷಗಟ್ಟಲೆ ಆಟವಾಡಿಸಿದ ನೀಲಿ ಪಟ್ಟೆ ಜೇನು.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ರಜೆ ಸಿಕ್ಕರೆ ಹುಳಹುಪ್ಪಟೆಗಳ ಹಿಂದೆ ಓಡುತ್ತೇನೆ. ಕೋಲಾರದಲ್ಲಿ ನನ್ನಂಥ ಹುಚ್ಚರೇ ಸೇರಿ ವರ್ಷಕ್ಕೊಮ್ಮೆ ಚಿತ್ರ ಪ್ರದರ್ಶನ ಇಡುತ್ತಾರೆ. ಹೋದ ವರ್ಷ ನಾನು ಕಳಿಸಿದ ಜೇನಿನ ಚಿತ್ರವನ್ನು "ಪಟ್ಟೆ ಚೆನ್ನಾಗಿದೆ, ಕಣ್ಣೆಲ್ಲಿ ಮೇಡಂ?" ಎಂದು ಹಿಂದಿರುಗಿಸಿದ್ದರು. ಅವರು ಹೇಳಿದ್ದು ನಿಜವೇ. ಅಷ್ಟು ಹತ್ತಿರದಿಂದ ತೆಗೆಯುವಾಗ ಅಕ್ಕಿಕಾಳಿನ ದಪ್ಪದಷ್ಟು ಜಾಗವೂ ಸ್ಪಷ್ಟವಾಗಿ ಮೂಡುವುದಿಲ್ಲ. ರೆಕ್ಕೆ ಸಿಕ್ಕಿತೆಂದರೆ ಕಣ್ಣು ಮಸುಕು, ಉಸಿರು ಬಿಟ್ಟರೆ ಎಲ್ಲವೂ ಮಸುಕು. ಈ ವರ್ಷ ಚಿತ್ರ ಕೊಡಲು ಸೋಮವಾರ ಕೊನೆಯ ದಿನ. ಕಣ್ಣು ಚೂಪಾಗಿ ಬಂದ ಒಂದೇ ಒಂದು ಚಿತ್ರ ಬೇಕಿತ್ತು, ನನ್ನ ಬಳಿ ಅದೂ ಇರಲಿಲ್ಲ.

ಅಷ್ಟರಲ್ಲಿ ನಂಗಲಿಯ ಹತ್ತಿರದ ಹಳ್ಳಿಯಿಂದ ಚಿಕ್ಕಮ್ಮ ಫೋನು ಮಾಡಿದ್ದರು. "ನೀನು ಅಟ್ಟಾಡಿಸ್ತೀಯಲ್ಲೇ, ಆ ನೀಲಿ ಪಟ್ಟೆ ಹುಳ? ಸಂಜೆ ಆದ್ರೆ ನಮ್ಮ ಕಾಮಕಸ್ತೂರಿ ಗಿಡದಲ್ಲಿ ಒಣಕಡ್ಡಿ ಕಚ್ಕೊಂಡು ಸಾಲಾಗಿ ನೇತಾಡ್ತವೆ ಕಣೇ!" ಎಂದಿದ್ದರು. ನಾನು ಕುಣಿದಾಡಿಬಿಟ್ಟೆ. ಗಂಡು ಜೇನುಗಳು ಹಾಗೆ ಕಡ್ಡಿ ಕಚ್ಚಿಕೊಂಡು ಮಲಗುತ್ತವೆಂದು ಕೇಳಿದ್ದೆ, ಕಂಡಿರಲಿಲ್ಲ. ಹಾರುವ ಜೇನನ್ನು ಹಿಡಿಯಲಾಗದವಳಿಗೆ ಮಲಗಿದ ಜೇನು ಸಿಗುವುದೆಂದರೆ!

ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದೆ. ಕ್ಯಾಮೆರಾ ಬ್ಯಾಗನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ್ದನ್ನು ಕಂಡು ಕಂಡಕ್ಟರು "ಅದಕ್ಕೂ ಆಧಾರ್ ಐತಾ ಮೇಡಂ?" ಎಂದರು. ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಕೋಲಾರಕ್ಕೆ ಮೂವತ್ತು ಕಿಲೋಮೀಟರಿನಷ್ಟು ದಾರಿ. ಕೋಲಾರದ ಮಾರುಕಟ್ಟೆಯ ಬಳಿ ಟೊಮ್ಯಾಟೊ ಕ್ರೇಟು ಹೊತ್ತ ಗಾಡಿಗಳ ನಡುವೆ ಬಸ್ಸು ಸಿಕ್ಕಿಹಾಕಿಕೊಂಡಾಗ ಮಾತ್ರ ನನ್ನ ತಾಳ್ಮೆ ಕೆಟ್ಟಿತು. ಅಲ್ಲಿ ಬಸ್ಸು ಬದಲಿಸಿ ಮುಳಬಾಗಿಲಿನಲ್ಲಿ ಇಳಿದು, ಎಷ್ಟೇ ಅವಸರವಿದ್ದರೂ ದೋಸೆ ತಿಂದೆ. ಆ ಊರಿಗೆ ಹೋಗಿ ತುಪ್ಪ ಸುರಿದ ದಪ್ಪ ದೋಸೆ ತಿನ್ನದೆ ಬಂದೆನೆಂದರೆ ಚಿಕ್ಕಮ್ಮ ಮನೆಯೊಳಗೆ ಸೇರಿಸುತ್ತಿರಲಿಲ್ಲ. ನಂಗಲಿಯಲ್ಲಿ ಲಾರಿಗಳ ಸಾಲು ದಾಟಿ, ಷೇರ್ ಆಟೋದಲ್ಲಿ ಹಾಲಿನ ಕ್ಯಾನುಗಳ ನಡುವೆ ಮುದುರಿ ಕೂತು ಮಧ್ಯಾಹ್ನದ ಹೊತ್ತಿಗೆ ಹಳ್ಳಿ ಸೇರಿದೆ.

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ಅಂಗಳ ಸಾರಿಸಿತ್ತು, ದೊಡ್ಡ ರಂಗೋಲಿ ಬಿದ್ದಿತ್ತು. ಗೋಡೆಯ ಪಕ್ಕದ ಕಾಮಕಸ್ತೂರಿ ಗಿಡಗಳು ನೀರು ಕುಡಿದು ಹಸಿರಾಗಿ, ಆಗ ತಾನೇ ಕ್ಷೌರ ಮಾಡಿಸಿಕೊಂಡವರಂತೆ ಒಪ್ಪವಾಗಿದ್ದವು.

"ಒಣಕಡ್ಡಿಗಳೆಲ್ಲಿ ಚಿಕ್ಕಮ್ಮ?"

"ಎಲ್ಲಾ ಕಿತ್ತಾಕ್ದೆ! ಫೋಟೋ ಅಂದ್ಮೇಲೆ ಚೊಕ್ಕವಾಗಿರ್ಬೇಡ್ವಾ? ನಾಲ್ಕು ಜನ ನೋಡೋದು" ಎಂದರು ಹೆಮ್ಮೆಯಿಂದ.

ನನಗೆ ಅಳುವೇ ಬಂದಂತಾಯಿತು. ನಮ್ಮ ಕಡೆ ಯಾರ ಮನೆಗೆ ಕ್ಯಾಮೆರಾ ಹಿಡಿದು ಹೋದರೂ ಮೊದಲು ಪೊರಕೆ ಹೊರಬರುತ್ತದೆ, ಮಕ್ಕಳ ಮುಖಕ್ಕೆ ಪೌಡರು ಬೀಳುತ್ತದೆ. ಗೊತ್ತಿದ್ದೂ ನಾನು ಎಚ್ಚರಿಸಿರಲಿಲ್ಲ. "ಅವು ಮಲಗೋದೇ ಆ ಕಡ್ಡಿ ಮೇಲೆ" ಎಂದೆ. ಚಿಕ್ಕಮ್ಮ ತಲೆಯ ಮೇಲೆ ಕೈಹೊತ್ತು ಜಗಲಿಯಲ್ಲಿ ಕುಸಿದರು. "ಅಯ್ಯಯ್ಯೋ, ಹಾಸಿಗೇನೇ ತಿಪ್ಪೆಗೆ ಹಾಕ್ಬಿಟ್ನಲ್ಲೇ!"

ಆಮೇಲೆ ಇಬ್ಬರೂ ಸೆರಗು, ವೇಲು ಸೊಂಟಕ್ಕೆ ಸಿಕ್ಕಿಸಿ ತಿಪ್ಪೆ ಕೆದಕಿದೆವು. ಸಗಣಿಯ ಮೇಲಿಂದ ಒಂದಿಷ್ಟು ಉದ್ದನೆಯ ಕಡ್ಡಿಗಳು ಸಿಕ್ಕವು. ಅವನ್ನು ತೊಳೆದು ಗಿಡಗಳ ನಡುವೆ ನೆಟ್ಟರೆ ಸೊಟ್ಟಗೆ ಬೀಳುತ್ತಿದ್ದವು. ಚಿಕ್ಕಮ್ಮ ತೋಟದಿಂದ ಟೊಮ್ಯಾಟೊ ಗಿಡಕ್ಕೆ ಆಸರೆ ಕೊಡುವ ನೀಲಗಿರಿ ಕೋಲುಗಳನ್ನು ತಂದು ನೆಲಕ್ಕೆ ಬಡಿದರು. ಒಂದೊಂದು ಕಡ್ಡಿಯನ್ನೂ ಕೋಲಿಗೆ ದಾರ ಸುತ್ತಿ ಬಿಗಿದೆವು, ತುದಿಯಷ್ಟೇ ಮೇಲೆ ಉಳಿಯುವಂತೆ.

ಇದು ಫಲಿಸದಿದ್ದರೆ? ಎಂಬ ಭಯದಲ್ಲಿ ಟೊಮ್ಯಾಟೊ ತೋಟಕ್ಕೂ ಓಡಿದೆ. ಅಲ್ಲಿ ನೀಲಿ ಪಟ್ಟೆಯವು ಹೂವನ್ನು ತಬ್ಬಿ ಝೇಂಕರಿಸುತ್ತ ಪರಾಗ ಉದುರಿಸುತ್ತಿದ್ದವು. ನಾನು ಬಗ್ಗುವಷ್ಟರಲ್ಲಿ ಹೂವು ಖಾಲಿ. ಕೈಗೆ ಬಂದದ್ದೆಲ್ಲ ಅಲುಗಿದ ಹೂವು ಮತ್ತು ನೀಲಿ ಮಸುಕು.

ಸೂರ್ಯ ಇಳಿದಾಗ ಜಗಲಿಯಲ್ಲಿ ಉಸಿರು ಬಿಗಿಹಿಡಿದು ಕೂತೆವು. ಮೊದಲನೆಯದು ಬಂತು. ಗಿಡದ ಸುತ್ತ ಸುತ್ತಿತು, ಹೋಯಿತು, ಮತ್ತೆ ಬಂತು. "ಪಾಪ, ಮನೆ ಹುಡುಕ್ತಾ ಅದೆ" ಎಂದು ಚಿಕ್ಕಮ್ಮ ಪಿಸುಗುಟ್ಟಿದರು. ಕೊನೆಗೆ ಅದು ನಾವು ಕಟ್ಟಿದ ಕಡ್ಡಿಯ ತುದಿಗೆ ಇಳಿದು, ದವಡೆಯಿಂದ ಗಬಕ್ಕನೆ ಕಚ್ಚಿಕೊಂಡು, ಕಾಲು ಮಡಚಿತು. ಚಿಕ್ಕಮ್ಮ ನನ್ನ ತೊಡೆಗೆ ಹೊಡೆದ ಏಟು ಇನ್ನೂ ನೆನಪಿದೆ! ಕತ್ತಲಾಗುವ ಮುಂಚೆ ಇನ್ನಷ್ಟು ಬಂದು ಸಾಲು ಹಿಡಿದವು. ಬೆಳಗಿನ ಚಳಿಯಲ್ಲಿ ಅವು ಬೇಗ ಅಲುಗುವುದಿಲ್ಲವೆಂದು ಗೊತ್ತಿತ್ತು, ಆ ಸಂಜೆ ಫ್ಲ್ಯಾಷು ಮುಟ್ಟಲಿಲ್ಲ. ಮುದ್ದೆ, ಬಸ್ಸಾರು ತಿಂದು ಮಲಗಿದೆ. ನಿದ್ದೆ ಎಲ್ಲಿ ಬರಬೇಕು?

ಬೆಳಕು ಹರಿಯುವ ಹೊತ್ತಿಗೆ ಅಂಗಳದಲ್ಲಿ ಮಂಡಿಯೂರಿದ್ದೆ. ಜೇನುಗಳ ಮೈತುಂಬ ಇಬ್ಬನಿ. ಅಷ್ಟರಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸಿತು. ಕಾಮಕಸ್ತೂರಿ ಗಿಡಗಳೆಲ್ಲ ತೊನೆದಾಡಿದವು. ಆದರೆ ಕೋಲಿಗೆ ಬಿಗಿದ ಕಡ್ಡಿಗಳು ಅಲುಗಲಿಲ್ಲ! ಕಡ್ಡಿಗಳು ಗಿಡದಲ್ಲೇ ಇದ್ದಿದ್ದರೆ ನನ್ನ ಕಥೆ ಹೋದ ವರ್ಷದಂತೆಯೇ ಮುಗಿಯುತ್ತಿತ್ತು. ಹೆಚ್ಚು ಭಾಗ ಚೂಪಾಗಿ ಬರಲೆಂದು ಲೆನ್ಸಿನ ಕಿಂಡಿ ಕಿರಿದು ಮಾಡಿದೆ, ಕ್ಯಾಮೆರಾವನ್ನು ಜೇನಿನ ಮೈಗೆ ಸಮಾನಾಂತರವಾಗಿ ಹಿಡಿದೆ, ಮೊಣಕೈಗಳನ್ನು ಮಂಡಿಗೆ ಊರಿದೆ. ಫೋಕಸ್ಸು ಮುಟ್ಟದೆ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತ, ಕಣ್ಣು ಹೊಳೆದಾಗಲೆಲ್ಲ ಒತ್ತಿದೆ.

ತೆರೆಯ ಮೇಲೆ ಹಿಗ್ಗಿಸಿ ನೋಡಿದೆ. ಕಣ್ಣು! ಹಸಿರು ಕಣ್ಣಿನ ಒಂದೊಂದು ಚುಕ್ಕಿಯೂ, ಅದರ ಮೇಲೆ ಕೂತ ಇಬ್ಬನಿಯೂ ಸ್ಪಷ್ಟ. ನಾನು ಕಿರುಚಿದ್ದಕ್ಕೆ ಚಿಕ್ಕಮ್ಮ ಪೊರಕೆ ಬಿಟ್ಟು ಓಡಿಬಂದರು.

"ಅಬ್ಬಾ, ಮುಖದ ತುಂಬಾ ರೋಮ! ಇವರೆಲ್ಲಾ ಗಂಡಸ್ರಾ?"

"ಹೂಂ. ಹೆಣ್ಣುಗಳು ಗೂಡೊಳಗೆ ಮಲಗ್ತವೆ. ಗಂಡುಗಳು ಹೀಗೆ ಹೊರಗೆ."

"ಒಳ್ಳೇ ಏರ್ಪಾಡು ಕಣೇ. ನಿಮ್ ಚಿಕ್ಕಪ್ಪಂಗೂ ಒಂದು ಕಡ್ಡಿ ಕಟ್ಟಾಣ!" ಒಳಗಿನಿಂದ ಚಿಕ್ಕಪ್ಪ ಜೋರಾಗಿ ಕೆಮ್ಮಿದರು.

ಚಿತ್ರವನ್ನು ಫೋನಿಗೆ ಇಳಿಸಿಕೊಂಡು ಅಲ್ಲಿಂದಲೇ ಪ್ರದರ್ಶನದವರಿಗೆ ಕಳಿಸಿದೆ. ರೊಟ್ಟಿ ತಿನ್ನುತ್ತಿದ್ದಾಗ ಉತ್ತರ ಬಂತು: "ಈಗ ಅದೇ ನಮ್ಮನ್ನ ನೋಡ್ತಿದೆ ಮೇಡಂ. ದೊಡ್ಡದಾಗಿ ಹಾಕಿಸ್ತೀವಿ."

ಮಧ್ಯಾಹ್ನ ಆಟೋ ಹತ್ತಿ ಹಿಂತಿರುಗಿ ನೋಡಿದೆ. ಪಕ್ಕದ ಮನೆಯಾಕೆ ಮಾಲೆಗೆಂದು ಕಾಮಕಸ್ತೂರಿ ಕುಯ್ಯಲು ಬಂದು ಒಣಕಡ್ಡಿಯ ಕಡೆ ಕೈಚಾಚಿದ್ದಳು. ಚಿಕ್ಕಮ್ಮ ಎರಡೂ ಕೈ ಅಗಲಿಸಿ ಅಡ್ಡ ನಿಂತಿದ್ದರು. ಆಟೋದ ಸದ್ದಿನ ಮೇಲೂ ಗಡಿಯೂರಿನ ತೆಲುಗು ಬೆರೆತ ಅವರ ದನಿ ಕೇಳಿಸಿತು: "ವದ್ದಮ್ಮಾ, ವದ್ದು! ಸೊಪ್ಪು ಎಷ್ಟಾದ್ರೂ ಕುಯ್ಕೋ. ಆ ಕಡ್ಡಿ ಮಾತ್ರ ಮುಟ್ಬೇಡ, ನಮ್ಮ ಹುಡುಗ್ರು ಸಂಜೆಗೆ ಬರ್ತಾರೆ!"